ಮಾಗಿಯ ಹಕ್ಕಿನುಡಿ: ಬಾಣಸವಾಡಿ ಸೀಮೆಯಲ್ಲಿ ಆಲಿಸುವಿಕೆಯ ಪರಂಪರೆ

ಕನ್ನಡ ಜಾನಪದ ಅಧ್ಯಯನದಲ್ಲಿ ಹಕ್ಕಿಯು ಬಹುಮಟ್ಟಿಗೆ ಕತೆಯ ಪಾತ್ರವಾಗಿ, ಹಾಡಿನ ಪ್ರತಿಮೆಯಾಗಿ, ಗಾದೆಯ ಉಪಮಾನವಾಗಿ ಚರ್ಚೆಗೆ ಬಂದಿದೆ. ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಅಂಗಳದಲ್ಲಿ ಕೂಗುವ ನಿಜವಾದ ಹಕ್ಕಿಯನ್ನು ಜನ ಹೇಗೆ ಆಲಿಸಿದರು, ಆ ಕೂಗಿನಿಂದ ಏನನ್ನು ತಿಳಿದುಕೊಂಡರು, ಆ ತಿಳಿವನ್ನು ಯಾವ ಹೆಸರುಗಳಲ್ಲಿ ಕಾಪಿಟ್ಟರು ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಲ್ಪಟ್ಟಿಲ್ಲ. ಪಕ್ಷಿಶಾಸ್ತ್ರದ ಇತಿಹಾಸವನ್ನು ಬರೆದವರು ದುರ್ಬೀನು ಹಿಡಿದವರ ಕತೆಯನ್ನು ಮಾತ್ರ ಹೇಳಿದ್ದಾರೆ. ಜಾನಪದವನ್ನು ಬರೆದವರು ಶಕುನದ ಕತೆಯನ್ನು ಮಾತ್ರ ಹೇಳಿದ್ದಾರೆ. ಇವೆರಡೂ ಒಂದೇ ನೆಲದಲ್ಲಿ, ಅನೇಕ ವೇಳೆ ಒಂದೇ ಮರದ ಕೆಳಗೆ ನಡೆದವೆಂಬುದು ಹೀಗೆ ಮರೆಯಾಗಿದೆ. ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕಿರುವ ಬಾಣಸವಾಡಿ ಮತ್ತು ಅದರ ಸುತ್ತಲ ಹಳ್ಳಿಗಳನ್ನು ಕೇಂದ್ರವಾಗಿಟ್ಟುಕೊಂಡು, ಚಳಿಗಾಲದ ಹಕ್ಕಿಗಳನ್ನು ಮನೆಯ ಬಳಿಯೇ ಆಲಿಸಿದ ಪರಂಪರೆಯ ವಿವಿಧ ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

'ಬಾಣಸ' ಎಂದರೆ ಹಳಗನ್ನಡದಲ್ಲಿ ಅಡುಗೆ, ಅಡುಗೆಮನೆ. 'ಬಾಣಸಿಗ' ಎಂದರೆ ಅಡುಗೆಯವನು. ಬಾಣಸವಾಡಿ ಎಂಬ ಊರ ಹೆಸರಿನಲ್ಲಿ ಈ ಪದ ಇಂದಿಗೂ ಕೇಳಿಸುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಗೊಂಡ ಮೇಲೆ ಹಲಸೂರಿನಾಚೆಯ ಹಳ್ಳಿಗಳಿಗೆ ಹೊಸದೊಂದು ಪೇಟೆ ದೊರೆಯಿತು. ದಂಡಿನ ಮನೆಗಳ ಅಡುಗೆಗೆ ಬೇಕಾದ ಸೊಪ್ಪು, ತರಕಾರಿ, ಹಣ್ಣು, ಹಾಲುಗಳನ್ನು ಒದಗಿಸಿದ ಊರುಗಳಲ್ಲಿ ಪೂರ್ವದ ಈ ಹಳ್ಳಿಗಳೂ ಸೇರಿದ್ದವು. 1898ರ ಪ್ಲೇಗಿನ ನಂತರ ದಂಡುಪ್ರದೇಶ ಈ ದಿಕ್ಕಿಗೆ ಹಬ್ಬಿ, ಫ್ರೇಜರ್ ಟೌನಿನಂಥ ಬಡಾವಣೆಗಳು ಹುಟ್ಟಿದವು. ಆದರೂ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರ, ಹೆಣ್ಣೂರು, ಹೊರಮಾವುಗಳು ಇಪ್ಪತ್ತನೆಯ ಶತಮಾನದ ಬಹುಭಾಗ ಹಳ್ಳಿಗಳಾಗಿಯೇ ಉಳಿದವು.

ಈ ಸೀಮೆಯ ಹಕ್ಕಿಗಳ ಬದುಕಿಗೆ ಎರಡು ಆಧಾರಗಳಿದ್ದವು. ಒಂದು, ಮಳೆನೀರನ್ನು ಹಿಡಿದಿಟ್ಟ ಕೆರೆಗಳ ಸರಪಳಿ. ಹೆಣ್ಣೂರು ಕೆರೆ, ಬೆನ್ನಿಗಾನಹಳ್ಳಿ ಕೆರೆ, ಕಲ್ಕೆರೆ ಮತ್ತು ರಾಂಪುರದ ಕೆರೆಗಳು, ಕೃಷ್ಣರಾಜಪುರದ ವೆಂಗಯ್ಯನ ಕೆರೆ, ಅದರಾಚೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆ ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಶ್ರಮದಿಂದ ಆದವು. ಇನ್ನೊಂದು, ಗುಂಡುತೋಪು, ಕೆರೆಯ ಏರಿ ಮತ್ತು ಗುಡಿಯ ಅಂಗಳಗಳಲ್ಲಿ ಉಳಿದ ಹಳೆಯ ಮರಗಳು: ಆಲ, ಅರಳಿ, ಗೋಣಿ, ಹುಣಸೆ, ಹೊಂಗೆ, ಬೇವು. ಕೆರೆಯು ದೂರದಿಂದ ಬರುವ ಹಕ್ಕಿಗಳಿಗೆ ಆಸರೆಯಾದರೆ ಮರವು ಊರ ಹಕ್ಕಿಗಳಿಗೆ ಮನೆಯಾಯಿತು. ಮಾಗಿಯ ಕಾಲದಲ್ಲಿ ಈ ಎರಡು ಬಗೆಯ ಹಕ್ಕಿಗಳೂ ಒಂದೇ ಊರಿನ ಕಿವಿಗೆ ಬೀಳುತ್ತಿದ್ದವು.

ಶಕುನದ ಕಿವಿ

ಹಕ್ಕಿಯ ಕೂಗನ್ನು ಸಂದೇಶವೆಂದು ಕೇಳುವ ಪದ್ಧತಿಗೆ ಕನ್ನಡದಲ್ಲಿ ಸಾವಿರ ವರ್ಷಗಳ ಬರವಣಿಗೆಯ ಆಧಾರವಿದೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಜ್ಯೋತಿಷ, ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದ, ಅಡುಗೆ, ವೈದ್ಯಗಳ ಜೊತೆಗೆ ಶಕುನವನ್ನೂ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯೆಂದು ಪರಿಗಣಿಸಿದೆ. ಅಂತರ್ಜಲವನ್ನು ಹುಡುಕುವುದು, ಮರಕ್ಕೆ ಗೊಬ್ಬರ ಹಾಕುವುದು, ಹಕ್ಕಿಯ ಕೂಗನ್ನು ತಿಳಿಯುವುದು ಇವೆಲ್ಲ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ಬರುವುದು ಗಮನಾರ್ಹ. ಆ ಕಾಲದ ದೃಷ್ಟಿಯಲ್ಲಿ ಶಕುನವು ಸುತ್ತಲ ಪ್ರಕೃತಿಯನ್ನು ಓದುವ ಉಪಯುಕ್ತ ವಿದ್ಯೆಗಳಲ್ಲಿ ಒಂದಾಗಿತ್ತು. ಅದೇ ರಾಜನ ಆಶ್ರಯದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಟಿಟ್ಟಿಭ ದಂಪತಿಗಳು ಕಡಲಿನೊಡನೆ ಸೆಣಸಿದ ಕತೆ ಪಂಚತಂತ್ರ ಪರಂಪರೆಯಲ್ಲಿ ಪ್ರಸಿದ್ಧವಾದುದು. ನೆಲದ ಮೇಲೆ ಮೊಟ್ಟೆಯಿಟ್ಟು, ಹತ್ತಿರ ಬಂದವರ ಮೇಲೆ ಕೂಗಿಕೊಂಡು ಹಾರುವ ಈ ಹಕ್ಕಿಯ ಸ್ವಭಾವವನ್ನು ಕಂಡರಿಯದವರು ಅಂಥ ಕತೆಯನ್ನು ಕಟ್ಟಲಾರರು.

ಗ್ರಂಥಸ್ಥವಾದ ಈ ವಿದ್ಯೆಗೆ ಸಮಾನಾಂತರವಾಗಿ ಬಾಯಿಂದ ಬಾಯಿಗೆ ಸಾಗಿಬಂದ ಪರಂಪರೆಯಲ್ಲಿ ಬುಡುಬುಡಿಕೆಯವರ ಸ್ಥಾನ ವಿಶಿಷ್ಟವಾದುದು. ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಬಣ್ಣಬಣ್ಣದ ಬಟ್ಟೆಗಳನ್ನು ಹೊದ್ದು, ಕೈಯಲ್ಲಿ ಪುಟ್ಟ ಬುಡುಬುಡಿಕೆಯನ್ನು ಆಡಿಸುತ್ತ ಬೆಳಗಿನ ಜಾವದಲ್ಲಿ ಬೀದಿಗೆ ಬರುವ ಇವರು 'ಹಾಲಕ್ಕಿ ನುಡಿ'ಯನ್ನು ಹೇಳುವವರು. ಊರಿಗೆ ಬೆಳಕು ಹರಿಯುವ ಮುನ್ನ ಸ್ಮಶಾನದ ಅಥವಾ ಊರಹೊರಗಿನ ಮರದ ಬಳಿ ಹೋಗಿ ಹಾಲಕ್ಕಿಯ ನುಡಿಯನ್ನು ಆಲಿಸಿ ಬಂದು, ಮನೆಯ ಮುಂದೆ ನಿಂತು ಆ ಮನೆಯ ಸುಖದುಃಖಗಳನ್ನು ನುಡಿಯುವರೆಂಬುದು ಜನರ ನಂಬಿಕೆ. ಈ ಸಮುದಾಯವು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳ ಗ್ರಂಥದಲ್ಲಿಯೂ ದಾಖಲಾಗಿದೆ.

ಹಾಲಕ್ಕಿ ಎಂದರೆ ಯಾವ ಹಕ್ಕಿ? ಪಕ್ಷಿವೀಕ್ಷಕರ ಕನ್ನಡದಲ್ಲಿ ಮೈಮೇಲೆ ಬಿಳಿಚುಕ್ಕೆಗಳಿರುವ ಸಣ್ಣ ಗೂಬೆಗೆ ಈ ಹೆಸರು ಸಲ್ಲುತ್ತದೆ. ಈ ಗೂಬೆಯ ಜೀವನಕ್ರಮವನ್ನು ನೋಡಿದರೆ ಬುಡುಬುಡಿಕೆಯವರ ಆಚರಣೆಯ ಹಿಂದಿನ ಅವಲೋಕನ ಸ್ಪಷ್ಟವಾಗುತ್ತದೆ. ಅದು ಕಾಡಿನ ಹಕ್ಕಿಯಲ್ಲ. ಮನುಷ್ಯ ವಾಸದ ಸಮೀಪದಲ್ಲಿಯೇ, ಹಳೆಯ ಮರದ ಪೊಟರೆಗಳಲ್ಲಿ, ಪಾಳುಗೋಡೆಗಳ ಸಂದಿಗಳಲ್ಲಿ ಜೋಡಿಯಾಗಿ ನೆಲೆಸುತ್ತದೆ. ಅದರ ಕೂಗು ಅತ್ಯಂತ ಬಿರುಸಾಗುವುದು ಮುಸ್ಸಂಜೆ ಮತ್ತು ಬೆಳಗಿನ ಜಾವಗಳಲ್ಲಿ. ಕಿರುಚು, ಚಿಲಿಪಿಲಿ, ಗದ್ದಲಗಳು ಬೆರೆತ ಆ ದನಿಯು ಇಬ್ಬರು ಅವಸರದಿಂದ ಮಾತಾಡಿಕೊಂಡಂತೆ ಕೇಳಿಸುತ್ತದೆ. ಹಕ್ಕಿ 'ಕೂಗುತ್ತದೆ' ಎನ್ನದೆ ಹಾಲಕ್ಕಿ 'ನುಡಿಯುತ್ತದೆ' ಎಂದು ಹೇಳುವ ರೂಢಿಗೆ ಈ ಗುಣವೂ ಕಾರಣವಾಗಿರಬಹುದು. ಸಮಯ, ಸ್ಥಳ, ದನಿಯ ಬಗೆ ಈ ಮೂರನ್ನೂ ಬುಡುಬುಡಿಕೆಯವರ ಆಚರಣೆ ಸರಿಯಾಗಿ ಹಿಡಿದಿದೆ. ಅವರು ಕೊಡುವ ಅರ್ಥವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆಲಿಸುವಿಕೆಯ ನಿಖರತೆಯನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಗೃಹಸ್ಥರ ನಿತ್ಯದ ಶಕುನಗಳೂ ಮನೆಯಂಗಳದ ಹಕ್ಕಿಗಳಿಗೇ ಸಂಬಂಧಿಸಿದವು. ಕಾಗೆ ಕೂಗಿದರೆ ನೆಂಟರು ಬರುವರೆಂಬುದು, ಗರುಡದರ್ಶನ ಶುಭವೆಂಬುದು, ವಿಜಯದಶಮಿಯಂದು ನೀಲಕಂಠವನ್ನು ಕಾಣಬೇಕೆಂಬುದು, ಗೂಬೆ ಮನೆಯ ಮೇಲೆ ಕೂರಬಾರದೆಂಬುದು ವ್ಯಾಪಕವಾದ ನಂಬಿಕೆಗಳು. ಇಲ್ಲೊಂದು ವಿರೋಧಾಭಾಸವಿದೆ. ಗೂಬೆಯೆಂಬ ಸಾಮಾನ್ಯ ಹೆಸರಿನಲ್ಲಿ ಅಪಶಕುನವಾದ ಹಕ್ಕಿಯೇ ಹಾಲಕ್ಕಿಯೆಂಬ ಹೆಸರಿನಲ್ಲಿ ಭವಿಷ್ಯವನ್ನು ನುಡಿಯುವ ಪೂಜ್ಯ ಹಕ್ಕಿಯಾಗುತ್ತದೆ. ಹೆಸರು ಬದಲಾದರೆ ಹಕ್ಕಿಯ ಯೋಗವೂ ಬದಲಾಗುತ್ತದೆ. ಗೂಬೆಗಳನ್ನು ಮಾಟಮಂತ್ರದ ಹೆಸರಿನಲ್ಲಿ ಹಿಡಿದು ಮಾರುವ ಕೃತ್ಯ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರವೂ ನಿಂತಿಲ್ಲವಾದ್ದರಿಂದ, ಈ ಹೆಸರಿನ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ.

ಒಕ್ಕಲುತನದ ಕಿವಿ

ಮಾಗಿಯೆಂದರೆ ಈ ಭಾಗದಲ್ಲಿ ರಾಗಿಯ ಕೊಯ್ಲು, ಕಣದ ಕೆಲಸ ಮತ್ತು ಅವರೆಯ ಸೊಗಡಿನ ಕಾಲ. ತೆನೆ ಬಲಿತಾಗ ಗಿಳಿ, ಗುಬ್ಬಿ, ರಾಟವಾಳಗಳ ಹಿಂಡನ್ನು ಅಟ್ಟಣೆಯ ಮೇಲಿಂದ ಕೂಗಿ, ತಮಟೆ ಬಡಿದು, ಕವಣೆ ಬೀಸಿ ಓಡಿಸುವುದು ಹೆಚ್ಚಾಗಿ ಮಕ್ಕಳ ಮತ್ತು ಮುದುಕರ ಪಾಲಿನ ಕೆಲಸವಾಗಿತ್ತು. ಬೆಳೆ ಕಾಯುವವನು ಹಿಂಡು ಕಣ್ಣಿಗೆ ಬೀಳುವ ಮೊದಲೇ ಅದರ ದನಿಯನ್ನು ಗುರುತಿಸಬೇಕು. ಗಿಳಿಹಿಂಡಿನ ಕೀರಲಿಗೂ ಗೊರವಂಕದ ಗದ್ದಲಕ್ಕೂ ಇರುವ ವ್ಯತ್ಯಾಸ ಅವನಿಗೆ ಕೂಳಿನ ಪ್ರಶ್ನೆ. ಇದು ಶಾಲೆಯಿಲ್ಲದೆ ಕಲಿತ ಪಕ್ಷಿವಿದ್ಯೆ. ಅದೇ ಹೊತ್ತಿಗೆ ಉಳುವ ಹೊಲದಲ್ಲಿ ನೇಗಿಲ ಹಿಂದೆ ಬರುವ ಬೆಳ್ಳಕ್ಕಿ, ಕಾಜಾಣ, ಗೊರವಂಕಗಳನ್ನು ಯಾರೂ ಓಡಿಸುತ್ತಿರಲಿಲ್ಲ. ಅವು ಹುಳ ತಿನ್ನುವ ಹಕ್ಕಿಗಳೆಂಬುದು ಒಕ್ಕಲಿಗನಿಗೆ ಗೊತ್ತಿತ್ತು.

ಕೂಗು ಕಾಲಸೂಚಕವೂ ಆಗಿತ್ತು. ಇಲ್ಲಿ ದನಿಯಷ್ಟೇ ಮೌನಕ್ಕೂ ಬೆಲೆಯಿದೆ. ಮಾಗಿಯಲ್ಲಿ ಕೋಗಿಲೆ ಬಹುಮಟ್ಟಿಗೆ ಮೌನವಾಗಿರುತ್ತದೆ. ಅದು ಊರನ್ನು ಬಿಟ್ಟುಹೋಗಿರುವುದಿಲ್ಲ. ಆಲ, ಗೋಣಿಗಳ ಹಣ್ಣಿನ ನಡುವೆ ಸದ್ದಿಲ್ಲದೆ ಇರುತ್ತದೆ. ಚಳಿ ಹಿಂದೆಗೆಯುತ್ತಿದ್ದಂತೆ ಮತ್ತೆ ಕೇಳಿಬರುವ ಅದರ ಮೊದಲ ಕೂಗು ಮಾಗಿ ಮುಗಿದುದರ ಗುರುತು. ಮಡಿವಾಳ ಹಕ್ಕಿಯೂ ಹಾಗೆಯೇ, ಚಳಿಗಾಲದಲ್ಲಿ ಒರಟಾದ ಚಿಕ್ಕ ದನಿಗಳಲ್ಲೇ ಕಾಲ ಕಳೆದು ಬೇಸಗೆ ಸಮೀಪಿಸಿದಾಗ ತನ್ನ ರಾಗವನ್ನು ಆರಂಭಿಸುತ್ತದೆ. ಇವೆರಡಕ್ಕೂ ಮೊದಲೇ, ಮಾಗಿಯ ಕೊನೆಯ ಭಾಗದಲ್ಲಿ ಕುಟ್ರುಹಕ್ಕಿಯ ಬಿಡುವಿಲ್ಲದ ಕೂಗು ಬಿರುಸಾಗುತ್ತದೆ. ಹೀಗೆ ಒಂದು ದನಿ ಅಡಗಿ ಇನ್ನೊಂದು ಏಳುವ ಕ್ರಮವೇ ಪಂಚಾಂಗವನ್ನು ಓದಲಾರದವರ ಪಂಚಾಂಗವಾಗಿತ್ತು.

ಹಕ್ಕಿಯ ದನಿಯನ್ನು ಇವರೆಲ್ಲರಿಗಿಂತ ಸೂಕ್ಷ್ಮವಾಗಿ ಬಲ್ಲವರು ಬೇಟೆಯ ಸಮುದಾಯಗಳವರು. ಹಕ್ಕಿಪಿಕ್ಕಿ ಎಂದು ಹೆಸರಾದ ಸಮುದಾಯದವರ ಮನೆಮಾತು ವಾಗ್ರಿ. ಅವರನ್ನು ಗುರುತಿಸುವ ಹೆಸರಾದರೋ ಹಕ್ಕಿ ಹಿಡಿಯುವ ವೃತ್ತಿಯಿಂದ ಬಂದುದು. ಗೌಜಲ ಹಕ್ಕಿಯ ಕೂಗನ್ನು ಅನುಕರಿಸಿ, ಪಂಜರದ ಹಕ್ಕಿಯಿಂದ ಕೂಗಿಸಿ, ಕಾಡಿನ ಹಕ್ಕಿಯನ್ನು ಬಲೆಯ ಬಳಿಗೆ ಕರೆಯುವ ಕೌಶಲವು ದೀರ್ಘಕಾಲದ ಆಲಿಸುವಿಕೆಯಿಂದ ಮಾತ್ರ ಸಾಧ್ಯ. 1972ರ ಕಾಯಿದೆಯ ನಂತರ ಈ ವೃತ್ತಿ ಅಪರಾಧವಾಯಿತು. ಹಕ್ಕಿಗಳ ಉಳಿವಿಗೆ ಅದು ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೃತ್ತಿಯನ್ನು ನಿಲ್ಲಿಸಿದ ವ್ಯವಸ್ಥೆಯು ಅದರೊಳಗಿದ್ದ ತಿಳಿವನ್ನು ದಾಖಲಿಸುವ ಹೊಣೆಯನ್ನು ಹೊರಲಿಲ್ಲ ಎಂಬುದನ್ನೂ ಇತಿಹಾಸ ಹೇಳಬೇಕಾಗುತ್ತದೆ.

ಪಟ್ಟಿಯ ಕಾಲ

ಮನೆಯ ಸುತ್ತಲ ಹಕ್ಕಿಗಳನ್ನು ನೋಡಿ ಬರೆದಿಡುವ ಆಧುನಿಕ ಪದ್ಧತಿಗೆ ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್‌ನ 1789ರ ಗ್ರಂಥವನ್ನು ಮೂಲವೆಂದು ಹೇಳುವುದು ವಾಡಿಕೆ. ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಮೂರು ಪುಟ್ಟ ಎಲೆಹಕ್ಕಿಗಳು ಬೇರೆ ಬೇರೆ ಜಾತಿಗಳೆಂಬುದನ್ನು ವೈಟ್ ಕಂಡುಕೊಂಡದ್ದು ಮುಖ್ಯವಾಗಿ ಅವುಗಳ ಹಾಡಿನ ವ್ಯತ್ಯಾಸದಿಂದ. ಆದ್ದರಿಂದ ಪಾಶ್ಚಾತ್ಯ ಪಕ್ಷಿಶಾಸ್ತ್ರದ ಆರಂಭದಲ್ಲಿಯೂ ಕಿವಿಯೇ ಕಣ್ಣಿಗೆ ದಾರಿ ತೋರಿತ್ತು.

ವಸಾಹತು ಕಾಲದ ಭಾರತದಲ್ಲಿ ಪಕ್ಷಿಶಾಸ್ತ್ರವು ಮೊದಲಿಗೆ ಕೋವಿ ಮತ್ತು ಚರ್ಮಸಂಗ್ರಹದ ಶಾಸ್ತ್ರವಾಗಿ ಬೆಳೆಯಿತು. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಟಿ.ಸಿ. ಜೆರ್ಡನ್ 1862 ಮತ್ತು 1864ರ ನಡುವೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ಹಕ್ಕಿಗಳ ದೇಶೀಯ ಹೆಸರುಗಳನ್ನೂ ಕೊಟ್ಟಿರುವುದು ಉಲ್ಲೇಖನೀಯ. ಅವುಗಳಲ್ಲಿ ಹಿಂದಿ, ತೆಲುಗು, ತಮಿಳು ಹೆಸರುಗಳೇ ಹೆಚ್ಚು. 1883ರಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಇ.ಎಚ್. ಐಟ್ಕನ್ ಕಾರವಾರದ ಕಡೆಯಲ್ಲಿ ಸರ್ಕಾರಿ ಸೇವೆಯಲ್ಲಿದ್ದಾಗ ಮನೆಯ ಸುತ್ತಲ ಜೀವಿಗಳ ಬಗ್ಗೆ ಲಘುಧಾಟಿಯಲ್ಲಿ ಬರೆದರು. ಮೈಸೂರು ಸಂಸ್ಥಾನದ ಹಕ್ಕಿಗಳ ವ್ಯವಸ್ಥಿತ ಸಮೀಕ್ಷೆಯನ್ನು 1939-40ರಲ್ಲಿ ಸಲೀಂ ಅಲಿ ಕೈಗೊಂಡರು. ಅದರ ಫಲವು ಹ್ಯೂ ವಿಸ್ಲರ್ ಅವರ ಹೆಸರಿನೊಡನೆ 1942-43ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಕ್ರಮವಾಗಿ ಪ್ರಕಟವಾಯಿತು.

ಬೆಂಗಳೂರಿನಲ್ಲಿ ಈ ವಿದ್ಯೆ ನಾಗರಿಕರ ಹವ್ಯಾಸವಾಗಿ ಬೇರುಬಿಟ್ಟದ್ದು 1970ರ ದಶಕದಲ್ಲಿ, ಬೆಂಗಳೂರಿನ ಪಕ್ಷಿವೀಕ್ಷಕರ ಕ್ಷೇತ್ರ ಸಂಘದ ಮೂಲಕ. ಪ್ರತಿ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ವಾಡಿಕೆ, ಹೊಸಬರಿಗೆ ಹಳಬರು ಮರದ ಕೆಳಗೆ ನಿಂತು ದನಿ ಗುರುತಿಸುವುದನ್ನು ಕಲಿಸುವ ಕ್ರಮ, ಇವು ಸಂಘದ ಗುರುತಾದವು. 1994ರಲ್ಲಿ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಪಕ್ಷಿಗಳ ಸಟಿಪ್ಪಣ ಪಟ್ಟಿ ಹೊರಬಂದಿತು. ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನಡೆಯುವ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾದ ಮೇಲೆ ಬೆಂಗಳೂರಿನ ಕೆರೆಗಳೂ ಆ ಎಣಿಕೆಗೆ ಒಳಪಟ್ಟವು. ಮಾಗಿಯ ಮುಂಜಾವಿನಲ್ಲಿ ಕೆರೆಯ ಏರಿಯ ಮೇಲೆ ನಿಂತು ಬಾತುಗಳನ್ನು ಎಣಿಸುವ ಹೊಸ ಬಗೆಯ ಮಾಗಿಯ ಆಚರಣೆಯೊಂದು ಹೀಗೆ ಹುಟ್ಟಿತು.

ಬಾಣಸವಾಡಿಯ ಪೂರ್ವೋತ್ತರಕ್ಕಿರುವ ದೊಡ್ಡಗುಬ್ಬಿಯು ಈ ಇತಿಹಾಸದಲ್ಲಿ ಬೇರೊಂದು ಕಾರಣಕ್ಕೆ ಮುಖ್ಯ. ಭಾರತದ ಹವ್ಯಾಸಿ ಪಕ್ಷಿವೀಕ್ಷಕರನ್ನು ಬೆಸೆದ ಪತ್ರಿಕೆ 'ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್'. ಅದನ್ನು ಆರಂಭಿಸಿ ದಶಕಗಳ ಕಾಲ ಸಂಪಾದಿಸಿದ ಜಫರ್ ಫುತೇಹಲ್ಲಿ (1920-2013) ಮುಂಬಯಿಯಿಂದ ಬಂದು ನೆಲೆಸಿದ್ದು ಇದೇ ಊರಿನ ಬಳಿ. ದೇಶದ ಮೂಲೆಮೂಲೆಗಳ ಹಿತ್ತಲ ಹಕ್ಕಿಗಳ ಸುದ್ದಿ ಅಂಚೆಯಲ್ಲಿ ಬಂದು ಸೇರುತ್ತಿದ್ದ ವಿಳಾಸಗಳಲ್ಲಿ ಗುಬ್ಬಿಯ ಹೆಸರು ಹೊತ್ತ ಬೆಂಗಳೂರಿನ ಈ ಹಳ್ಳಿಯೂ ಒಂದಾಗಿತ್ತು. ಆದರೆ ಆ ಪತ್ರಗಳ ಭಾಷೆ ಇಂಗ್ಲಿಷ್. ಅದೇ ಹಳ್ಳಿಯ ರಾಗಿಯ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದವರ ತಿಳಿವಿಗೂ ಆ ಪುಟಗಳಿಗೂ ನಡುವೆ ಸೇತುವೆಯಿರಲಿಲ್ಲ.

ಕಿವಿಯ ಹೆಸರು, ಕಣ್ಣಿನ ಹೆಸರು

ಈ ಅಂತರವು ಎದ್ದುಕಾಣುವುದು ಹೆಸರುಗಳಲ್ಲಿ. ಕನ್ನಡದ ಹಳೆಯ ಹಕ್ಕಿಹೆಸರುಗಳಲ್ಲಿ ಅನೇಕವು ದನಿಯಿಂದ ಹುಟ್ಟಿದವು. ಕುಟ್ರುಹಕ್ಕಿಯ ಹೆಸರು ಅದರ ಕೂಗೇ. ಟುವ್ವಿ ಎಂದೊಡನೆ ಬೇಲಿಯೊಳಗಿನ ಆ ಪುಟ್ಟ ಹಕ್ಕಿ ಕಿವಿಯಲ್ಲಿ ಮೂಡುತ್ತದೆ. ಟಿಟ್ಟಿಭವೂ ಕಾಗೆಯೂ ಇದೇ ವರ್ಗಕ್ಕೆ ಸೇರಿದವು. ಲೋಹವನ್ನು ಬಡಿದಂಥ ದನಿಯಿಂದಾಗಿ ಒಂದು ಹಕ್ಕಿ ಚೆಂಬುಕುಟಿಗವಾಯಿತು. ಇವನ್ನು 'ಕಿವಿಯ ಹೆಸರು'ಗಳೆನ್ನಬಹುದು. ಇನ್ನು ಕೆಲವು ನಡೆಯಿಂದ ಬಂದವು: ಬಾಲವನ್ನು ಸದಾ ಕುಣಿಸುವ ಹಕ್ಕಿಗೆ ಕುಂಡೆಕುಸ್ಕವೆಂಬ ಹೆಸರು ಬಂದುದು ಹಳ್ಳಿಯ ಹಾಸ್ಯಪ್ರಜ್ಞೆಗೆ ಸಾಕ್ಷಿ. ಆಧುನಿಕ ಪಟ್ಟಿಗಳಿಗಾಗಿ ರೂಪಿಸಿದ ಹೆಸರುಗಳು ಬಹುಮಟ್ಟಿಗೆ ಬಣ್ಣ, ಹುಬ್ಬು, ಕತ್ತು, ಬೆನ್ನುಗಳನ್ನು ಅವಲಂಬಿಸಿದ 'ಕಣ್ಣಿನ ಹೆಸರು'ಗಳು. ಹೆಚ್ಚಿನವು ಇಂಗ್ಲಿಷಿನ ಅನುವಾದಗಳು. ಪಟ್ಟಿಗೆ ಅವು ಅನಿವಾರ್ಯವೇ ಇರಬಹುದು. ಆದರೆ ಹತ್ತಾರು ಜಾತಿಗಳನ್ನು ಬೇರ್ಪಡಿಸುವ ಅವಸರದಲ್ಲಿ ಮೊದಲೇ ಇದ್ದ ಹೆಸರು ಪಕ್ಕಕ್ಕೆ ಸರಿದರೆ, ಅದರೊಡನೆ ಆ ಹಕ್ಕಿಯ ಬಗೆಗಿನ ಕೇಳ್ಮೆಯೂ ಸರಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರು 'ಕನ್ನಡ ನಾಡಿನ ಹಕ್ಕಿಗಳು' ಮುಂತಾದ ಕೃತಿಗಳ ಮೂಲಕ ಸಾಮಾನ್ಯ ಓದುಗರಿಗೆ ಹಕ್ಕಿಗಳನ್ನು ಕನ್ನಡದಲ್ಲಿ ಪರಿಚಯಿಸಿದ್ದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಆದರೆ ಜನಪದದ ಹೆಸರಿಡುವ ಶಕ್ತಿಗೂ ಒಂದು ಎಲ್ಲೆಯಿತ್ತು. ಮಾಗಿಯಲ್ಲಿ ಬಾಣಸವಾಡಿಯ ಮರಗಳಲ್ಲಿ ಹೆಚ್ಚಾಗಿ ಕೇಳಿಬರುವ ದನಿಗಳಲ್ಲಿ ಎರಡು, ಹಸಿರು ಛಾಯೆಯ ಎಲೆ ಉಲಿಯಕ್ಕಿಯ ಇಮ್ಮಡಿ ಚಿಲಿಪು ಮತ್ತು ಪೊದೆಯೊಳಗಿಂದ ಬರುವ ಬ್ಲೈತನ ಜೊಂಡು ಉಲಿಯಕ್ಕಿಯ 'ಚೆಕ್ ಚೆಕ್' ಸದ್ದು. ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದು ಸುಮಾರು ಆರೇಳು ತಿಂಗಳು ಇಲ್ಲಿಯೇ ಕಳೆಯುವ ಈ ಹಕ್ಕಿಗಳು ಹತ್ತು ಗ್ರಾಂ ಆಸುಪಾಸಿನ ತೂಕದವು. ಎಲೆ ಉಲಿಯಕ್ಕಿಯು ಚಳಿಗಾಲದಲ್ಲಿಯೂ ತನ್ನ ಪಾಲಿನ ಮರಗಳನ್ನು ಕೂಗಿನಿಂದ ಕಾಯುತ್ತದೆಂಬುದನ್ನು ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡುಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಇಷ್ಟು ಕಾಲ ಜೊತೆಗಿದ್ದರೂ ಇವುಗಳಿಗೆ ಪ್ರತ್ಯೇಕವಾದ ಜನಪದ ಹೆಸರು ಬಳಕೆಗೆ ಬಂದಂತೆ ಕಾಣುವುದಿಲ್ಲ. ಇವು ಇಲ್ಲಿ ಗೂಡು ಕಟ್ಟುವುದಿಲ್ಲ, ಬೆಳೆ ತಿನ್ನುವುದಿಲ್ಲ, ಶಕುನ ನುಡಿಯುವುದಿಲ್ಲ. ಬದುಕಿಗೆ ತಾಗಿದ ದನಿಗೆ ಮಾತ್ರ ಜನಪದವು ಹೆಸರಿಟ್ಟಿತು. ಹೆಸರಿಲ್ಲದ ಈ ಸಣ್ಣ ದನಿಗಳನ್ನು ಕೇಳಿಸಿದ್ದು ಪಟ್ಟಿಯ ಶಾಸ್ತ್ರವೇ. ಎರಡು ಪರಂಪರೆಗಳು ಒಂದಕ್ಕೊಂದು ಪೂರಕವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬದಲಾದ ಸೀಮೆ

1980ರ ದಶಕದಿಂದೀಚೆಗೆ ಬಾಣಸವಾಡಿಯ ಸುತ್ತ ಬಡಾವಣೆಗಳು ಬೆಳೆದವು. ಹೊರವರ್ತುಲ ರಸ್ತೆ ಹಾದುಹೋಯಿತು. ಹೊಲ, ತೋಟಗಳು ನಿವೇಶನಗಳಾದವು. ನಗರದ ಕೆರೆಗಳ ರಕ್ಷಣೆಗೆ ಉಪಾಯ ಸೂಚಿಸಲು 1985ರಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ನೇಮಕವಾದರೂ ಅನೇಕ ಕೆರೆಗಳು ಉಳಿಯಲಿಲ್ಲ. ಹೆಣ್ಣೂರು ಕೆರೆಯ ಅಂಗಳದಲ್ಲಿ ಈಗ ನೀರಿನ ಹರವಿಲ್ಲ. ಬೆನ್ನಿಗಾನಹಳ್ಳಿ ಮತ್ತು ಕಲ್ಕೆರೆಗಳು ಉಳಿದಿವೆ. ಸಮೀಪದ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ಕಾರ್ಯಾರಂಭ ಮಾಡಿತು. ಹೊಲವಿಲ್ಲದ ಮೇಲೆ ಅಟ್ಟಣೆಯಿಲ್ಲ. ಅಟ್ಟಣೆಯಿಲ್ಲದ ಮೇಲೆ ಹಿಂಡಿನ ದನಿಯನ್ನು ದೂರದಿಂದ ಹಿಡಿಯುವ ಕಿವಿಯೂ ಇಲ್ಲ. ಗೇಟು ಹಾಕಿದ ಬಹುಮಹಡಿ ವಸತಿಗಳ ಮುಂದೆ ಬುಡುಬುಡಿಕೆಯವರು ನಿಂತು ನುಡಿಯುವ ಅವಕಾಶವೂ ಕಡಿಮೆಯಾಗಿದೆ.

ಆದಾಗ್ಯೂ ಹಕ್ಕಿಗಳು ಪೂರ್ಣವಾಗಿ ಹೋಗಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದ ಬೀದಿಗಳಲ್ಲಿ ನೆಟ್ಟ ಲಕ್ಷಾಂತರ ಸಸಿಗಳು ಬೆಳೆದು ನೆರಳಾಗಿವೆ. ಎಲೆ ಉಲಿಯಕ್ಕಿಗೆ ಅಷ್ಟು ಸಾಕು. ಹಳೆಯ ಮರದ ಪೊಟರೆ ಉಳಿದೆಡೆಯಲ್ಲಿ ಹಾಲಕ್ಕಿ ಇನ್ನೂ ನುಡಿಯುತ್ತಿದೆ. ಹೊಸ ತಲೆಮಾರಿನ ವೀಕ್ಷಕರು 'ಇ-ಬರ್ಡ್'ನಂಥ ಜಾಲಗಳಲ್ಲಿ ದಿನದ ಪಟ್ಟಿಯನ್ನು ದಾಖಲಿಸುತ್ತಿದ್ದಾರೆ. 2013ರಿಂದ ಭಾರತವೂ ಫೆಬ್ರವರಿಯ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಪಾಲ್ಗೊಂಡಿದೆ. 2021ರಿಂದೀಚೆಗೆ ದನಿಯನ್ನು ಕೇಳಿ ಹಕ್ಕಿಯ ಹೆಸರನ್ನು ಸೂಚಿಸುವ ಸೌಲಭ್ಯ ಮೊಬೈಲ್ ಫೋನಿ‌ನಲ್ಲಿಯೇ ದೊರೆಯುತ್ತಿದೆ. ಶಾಸ್ತ್ರವು ಸುತ್ತಿ ಬಳಸಿ ಮತ್ತೆ ಕಿವಿಗೆ ಮರಳಿದೆಯೆನ್ನಬಹುದು. ಆದರೆ ಯಂತ್ರವು ಹಕ್ಕಿ ಯಾವುದೆಂದು ಹೇಳಬಲ್ಲದು. ಆ ದನಿಯಿಂದ ಈ ಊರಿನವರು ಏನನ್ನು ಅರಿತಿದ್ದರೆಂಬುದನ್ನು ಹೇಳಲಾರದು.

ಉಪಸಂಹಾರ

ಬಾಣಸವಾಡಿ ಸೀಮೆಯಲ್ಲಿ ಹಕ್ಕಿಯ ದನಿಯನ್ನು ಬುಡುಬುಡಿಕೆಯವರು ನುಡಿಯೆಂದು ಕೇಳಿದರು, ಒಕ್ಕಲಿಗರು ಕಾಲವೆಂದು ಮತ್ತು ಎಚ್ಚರಿಕೆಯೆಂದು ಕೇಳಿದರು, ಬೇಟೆಯವರು ದಾರಿಯೆಂದು ಕೇಳಿದರು, ಪಕ್ಷಿವೀಕ್ಷಕರು ಜಾತಿಯ ಗುರುತೆಂದು ಕೇಳಿದರು. ಇವರೆಲ್ಲರ ಆಲಿಸುವಿಕೆಗೂ ಸಮಾನವಾದದ್ದು ಮನೆಯ ಸಮೀಪ್ಯ ಮತ್ತು ಬೆಳಗಿನ ಜಾವದ ತಾಳ್ಮೆ. ಇವುಗಳಲ್ಲಿ ಕೊನೆಯ ಪರಂಪರೆಗೆ ಮಾತ್ರ ಪಟ್ಟಿ, ಪತ್ರಿಕೆ, ಗ್ರಂಥಾಲಯಗಳ ಆಸರೆ ದೊರಕಿತು. ಉಳಿದವು ವ್ಯಕ್ತಿಗಳ ನೆನಪನ್ನು ಆಶ್ರಯಿಸಿ ನಿಂತಿವೆ. ಅಟ್ಟಣೆಯ ಮೇಲೆ ಕುಳಿತು ಹಕ್ಕಿ ಕಾಯ್ದವರು ಈ ಹಳ್ಳಿಗಳ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ; ಅವರೆಲ್ಲ ಈಗ ವೃದ್ಧರು. ಪಕ್ಷಿವೀಕ್ಷಕರು ತಮ್ಮ ಧ್ವನಿಮುದ್ರಣಗಳನ್ನು ಅವರಿಗೆ ಕೇಳಿಸಿ, ಅವರ ಬಾಯಿಂದ ಬರುವ ಹೆಸರು, ನಂಬಿಕೆ, ನೆನಪುಗಳನ್ನು ಜಾನಪದ ಸಂಶೋಧಕರು ದಾಖಲಿಸಿಕೊಳ್ಳುವ ಜಂಟಿ ಕಾರ್ಯ ನಡೆಯಬೇಕಾಗಿದೆ. ಮಾಗಿಯ ಹಕ್ಕಿಗಳು ಪ್ರತಿ ವರ್ಷ ಮರಳಿ ಬರುತ್ತವೆ. ಅವುಗಳ ಹೆಸರು ಬಲ್ಲ ಹಿರಿಯರು ಹಾಗೆ ಮರಳುವುದಿಲ್ಲವಾದ್ದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.